ಎಲೆ ಉದುರಿದ ಮೇಲಿನ ಇಂಡಿಯಾನಾ: ನಾನು ಕ್ರೇನ್ ನೋಡಲು ಹೋಗುವ ಬಗೆ

ಅಮೆರಿಕದ ಮಿಡ್‌ವೆಸ್ಟ್‌ನಲ್ಲಿರುವ ನಮ್ಮವರು ಅಕ್ಟೋಬರ್‌ನಲ್ಲಿ ಒಂದು ಶನಿವಾರ ಬಣ್ಣದ ಎಲೆ ನೋಡಿ ಬರುತ್ತಾರೆ. ಮೇಪಲ್ ಮರದ ಕೆಳಗೆ ಫೋಟೊ ಆಗುತ್ತದೆ, ಸೇಬಿನ ತೋಟಕ್ಕೂ ಹೋಗಿದ್ದಾಗುತ್ತದೆ. ಆಮೇಲೆ ಹೀಟರ್ ಹಾಕಿಕೊಂಡು ಒಳಗೆ ಕೂತರೆ ಮತ್ತೆ ಹೊರಗೆ ತಿರುಗಾಡುವುದು ಏಪ್ರಿಲ್‌ನಲ್ಲೇ. ನನ್ನ ಮಟ್ಟಿಗೆ ಇಲ್ಲಿನ ಶರತ್ಕಾಲದ ನಿಜವಾದ ಸೊಗಸು ಶುರುವಾಗುವುದು ಎಲೆಯೆಲ್ಲ ಉದುರಿದ ಮೇಲೆ, ನವೆಂಬರ್ ನಡುವಿನಲ್ಲಿ. ಆಗ ಮೆಕ್ಕೆಜೋಳದ ಕಟಾವು ಮುಗಿದಿರುತ್ತದೆ. ಮರಗಳು ಬೋಳು, ಆಕಾಶ ಬೂದು. ಆ ಖಾಲಿ ಹೊಲಗಳಿಗೆ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಉದ್ದ ಕಾಲಿನ ಬೂದು ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ.

ನಾನಿರುವುದು ಇಂಡಿಯಾನಾದ ಲಫಾಯೆಟ್‌ನಲ್ಲಿ. ಯುಎಸ್ 421 ರಸ್ತೆ ಹಿಡಿದು ಮೊನಾನ್, ಫ್ರಾನ್ಸಿಸ್‌ವಿಲ್ ದಾಟಿ ಉತ್ತರಕ್ಕೆ ಹೋದರೆ ಮೆಡರಿವಿಲ್ ಎಂಬ ಪುಟ್ಟ ಊರು. ಅದರ ಹತ್ತಿರವೇ ಜಾಸ್ಪರ್-ಪುಲಾಸ್ಕಿ ವನ್ಯಜೀವಿ ಪ್ರದೇಶ. ಸುಮಾರು 8,000 ಎಕರೆ ಇದೆ, ರಾಜ್ಯ ಸರ್ಕಾರದ್ದು. ವಿಸ್ಕಾನ್ಸಿನ್, ಮಿಷಿಗನ್, ಕೆನಡಾದ ಒಂಟಾರಿಯೊ ಕಡೆ ಮರಿ ಮಾಡಿದ ಕ್ರೇನ್‌ಗಳು ಫ್ಲೋರಿಡಾ, ಜಾರ್ಜಿಯಾ ಕಡೆಗೆ ಹೋಗುವಾಗ ಇಲ್ಲಿ ಕೆಲವು ವಾರ ತಂಗುತ್ತವೆ. ಕೆಲವು ವರ್ಷ ಅವುಗಳ ಸಂಖ್ಯೆ 20,000 ದಾಟುತ್ತದೆ.

ಇಲ್ಲೇ ಯಾಕೆ ಇಳಿಯುತ್ತವೆ ಅನ್ನುವುದಕ್ಕೆ ಹಳೆಯ ಕಾರಣವಿದೆ. ಈ ಸೀಮೆಯೆಲ್ಲ ಒಂದು ಕಾಲಕ್ಕೆ ಕ್ಯಾಂಕಕೀ ನದಿಯ ಜೌಗು. ಸುಮಾರು 5 ಲಕ್ಷ ಎಕರೆ ನೀರು, ಜೊಂಡು. ಕಾಲುವೆ ತೋಡಿ, ಅಂಕುಡೊಂಕಾಗಿ ಹರಿಯುತ್ತಿದ್ದ ನದಿಯನ್ನೇ ನೇರ ಮಾಡಿ, ಅದನ್ನು ಬಸಿದು ಹೊಲ ಮಾಡಿದರು. ಉಳಿದ ಚೂರುಪಾರು ಜೌಗಿನಲ್ಲಿ ಇದೂ ಒಂದು. ಕ್ರೇನ್‌ಗಳಿಗೆ ರಾತ್ರಿ ನಿಲ್ಲಲು ತೆಳ್ಳಗಿನ ನೀರು ಬೇಕು. ನೀರಲ್ಲಿ ನಿಂತೇ ಮಲಗುತ್ತವೆ. ತೋಳದಂಥ ಕಯೋಟಿ ಹತ್ತಿರ ಬಂದರೆ ನೀರಿನ ಸದ್ದು ಎಚ್ಚರಿಸುತ್ತದೆ. ಹಗಲಿಗೆ ಸುತ್ತಲಿನ ಹೊಲದಲ್ಲಿ ಕಾಳು. ಎರಡೂ ಪಕ್ಕಪಕ್ಕದಲ್ಲೇ ಸಿಗುವ ಜಾಗ ಈಗ ಜಾಸ್ತಿ ಉಳಿದಿಲ್ಲ.

ದಿನ ಗೊತ್ತು ಮಾಡುವಾಗ ನಾನು ಮೊದಲು ನೋಡುವುದು ಗಾಳಿಯನ್ನು. ಕ್ರೇನ್‌ಗಳು ಹಗಲಲ್ಲೇ ಪಯಣಿಸುತ್ತವೆ. ಬಿಸಿಗಾಳಿಯ ಮೇಲೇರಿ, ರೆಕ್ಕೆ ಬಡಿಯದೆ ದೂರದೂರ ತೇಲುತ್ತವೆ. ಚಳಿಯ ಅಲೆಯೊಂದು ಹಾದುಹೋಗಿ, ಆಕಾಶ ತಿಳಿಯಾಗಿ, ವಾಯುವ್ಯದಿಂದ ಗಾಳಿ ಬೀಸಿದರೆ ಉತ್ತರದಿಂದ ಹೊಸ ಗುಂಪುಗಳು ಬರುತ್ತವೆ. ಶರತ್ಕಾಲದಲ್ಲಿ ಈ ಪ್ರದೇಶ ನೋಡಿಕೊಳ್ಳುವ ರಾಜ್ಯದ ಇಲಾಖೆಯವರು ವಾರವಾರ ಹಕ್ಕಿ ಎಣಿಸಿ ಪ್ರಕಟಿಸುತ್ತಾರೆ, ಅದನ್ನೂ ನೋಡಿಕೊಳ್ಳುತ್ತೇನೆ. ಸಾಮಾನ್ಯವಾಗಿ ನವೆಂಬರ್ ಮಧ್ಯದಿಂದ ಡಿಸೆಂಬರ್ ಆರಂಭದವರೆಗೆ ಅತಿ ಹೆಚ್ಚು. ಇನ್ನೊಂದು ವಿಷಯ: ಪುಲಾಸ್ಕಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) ಗಡಿಯಾರ ಈಸ್ಟರ್ನ್ ವೇಳೆಯದು, ಪಕ್ಕದ ಜಾಸ್ಪರ್ ಕೌಂಟಿಯದು ಅದಕ್ಕಿಂತ ಒಂದು ಗಂಟೆ ಹಿಂದಿರುವ ಸೆಂಟ್ರಲ್ ವೇಳೆಯದು. ಆ ಗಡಿಯಲ್ಲಿ ಓಡಾಡುವಾಗ ಫೋನಿನ ಸಮಯ ಒಂದು ಗಂಟೆ ಹಿಂದೆ ಮುಂದೆ ಆಗುತ್ತಿರುತ್ತದೆ. ಅದಕ್ಕೇ ನಾನು ಗಂಟೆ ನಂಬುವುದಿಲ್ಲ, ಸೂರ್ಯ ಮುಳುಗಲು ಇನ್ನೆಷ್ಟು ಹೊತ್ತಿದೆ ಅಂತ ಮಾತ್ರ ಲೆಕ್ಕ ಹಾಕುತ್ತೇನೆ.

ಹೆಚ್ಚಿನವರು ಸಂಜೆಗೆ ನೇರವಾಗಿ ವೀಕ್ಷಣಾ ಕಟ್ಟೆಗೆ ಬರುತ್ತಾರೆ. ನಾನು ಮಧ್ಯಾಹ್ನವೇ ಹೊರಟು ಎರಡು ಗಂಟೆ ಹಳ್ಳಿ ರಸ್ತೆಗಳಲ್ಲಿ ಕಳೆಯುತ್ತೇನೆ. ಹಕ್ಕಿಗಳ ಸಂಸಾರ ಕಾಣುವುದು ಅಲ್ಲೇ. ಕಾರನ್ನು ರಸ್ತೆ ಅಂಚಿಗೆ ಪೂರ್ತಿ ಸರಿಸಿ, ಇಂಜಿನ್ ಆರಿಸಿ, ಕಿಟಕಿ ಇಳಿಸಿ ಒಳಗೇ ಕೂರುತ್ತೇನೆ. ಕಾರಿಗೆ ಹೆದರದ ಕ್ರೇನ್ ಮನುಷ್ಯ ಕೆಳಗಿಳಿದ ಕೂಡಲೇ ದೂರ ನಡೆಯುತ್ತದೆ. ಹೊಲ ಯಾರದೋ ಸ್ವಂತದ್ದು, ಒಳಗೆ ಕಾಲಿಡುವ ಮಾತೇ ಇಲ್ಲ. ಕಟಾವು ಉಳಿದಿರುವ ಹೊಲಗಳಿದ್ದರೆ ಕಾಳು ತುಂಬಿದ ಲಾರಿಗಳು ಓಡಾಡುತ್ತಿರುತ್ತವೆ. ಅವುಗಳ ದಾರಿಗೆ ಅಡ್ಡ ನಿಲ್ಲಬಾರದು. ಯಾರಾದರೂ ಪಿಕಪ್‌ನಲ್ಲಿ ಹಾದುಹೋದರೆ ಕೈ ಎತ್ತಿ. ಇಲ್ಲಿನ ಹಳ್ಳಿಗಳಲ್ಲಿ ಅದು ಮರ್ಯಾದೆ.

ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಇದ್ದರೆ ಧಾರಾಳವಾಯಿತು. ಮೊದಲು ಹಣೆ ನೋಡಿ. ಕೆಂಪು ಹಣೆಯದು ಬೆಳೆದ ಹಕ್ಕಿ. ಕೆಂಪಿಲ್ಲದೆ ತಲೆ, ಕತ್ತು ಕಂದು ಬಣ್ಣದ್ದಾಗಿದ್ದರೆ ಆ ವರ್ಷದ ಮರಿ. ಮರಿ ಮೊದಲ ಚಳಿಗಾಲವೆಲ್ಲ ಅಪ್ಪ ಅಮ್ಮನ ಜೊತೆಗೇ ಇರುತ್ತದೆ. ದಾರಿ ಕಲಿಯುವುದೂ ಅವರಿಂದಲೇ. ಹಾಗಾಗಿ ನೂರಾರು ಹಕ್ಕಿಗಳ ಗುಂಪನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಅದು ಮೂರು, ನಾಲ್ಕು ಹಕ್ಕಿಗಳ ಮನೆಗಳಾಗಿ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ನನಗೆ ಇದಕ್ಕಿಂತ ಖುಷಿ ಕೊಡುವ ನೋಟ ಇನ್ನೊಂದಿಲ್ಲ. ಕೆಲವೊಮ್ಮೆ ಒಂದು ಹಕ್ಕಿ ಒಣ ದಂಟನ್ನು ಎತ್ತಿ ಮೇಲಕ್ಕೆಸೆದು, ಕುಪ್ಪಳಿಸಿ, ತಲೆ ಬಾಗಿಸಿ ಕುಣಿಯುತ್ತದೆ. ಪಕ್ಕದ್ದಕ್ಕೂ ಹುರುಪು ಬರುತ್ತದೆ. ಜೋಡಿ ಕಟ್ಟುವ ಕಾಲ ಅಲ್ಲದಿದ್ದರೂ ಕುಣಿತ ಇದ್ದೇ ಇರುತ್ತದೆ.

ಒಂದು ವರ್ಷ ಊರಿಂದ ಅವ್ವ ಬಂದಿದ್ದರು. ನಮ್ಮದು ಗದಗಿನ ಕಡೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವುದನ್ನು ನೋಡಿ ಬೆಳೆದವರು ಅವರು. ಹೊಲ ತುಂಬ ಕ್ರೇನ್ ಕಂಡ ಕೂಡಲೇ ಅವರು ಕೇಳಿದ್ದು, “ನಮ್ಮ ಕಡೆ ಬಾತು ಶೇಂಗಾ ಹೊಲಕ್ಕ ಇಳೀತಾವ. ಇಲ್ಲಿ ರೈತರು ಏನೂ ಅನ್ನೂದಿಲ್ಲೇನು?” ಎಷ್ಟು ಸರಿಯಾದ ಪ್ರಶ್ನೆ! ಈಗ ಇವು ತಿನ್ನುವುದು ಕಟಾವಿನ ಯಂತ್ರದಿಂದ ಉದುರಿದ ಕಾಳು, ಹಾಗಾಗಿ ತಕರಾರಿಲ್ಲ. ತೊಂದರೆ ವಸಂತದಲ್ಲಿ. ಬಿತ್ತಿದ ಮೆಕ್ಕೆಜೋಳ ಮೊಳಕೆ ಒಡೆದಾಗ ಸಾಲು ಹಿಡಿದು ಕಿತ್ತು ತಿನ್ನುತ್ತವೆ. ಅದಕ್ಕೆ ಹಕ್ಕಿಗೆ ರುಚಿಸದ, ಆದರೆ ಅದನ್ನು ಕೊಲ್ಲದ ಲೇಪನವನ್ನು ಬೀಜಕ್ಕೆ ಹಚ್ಚುತ್ತಾರೆ. ಹಕ್ಕಿ ಆ ಹೊಲದಲ್ಲೇ ಹುಳು, ಉಳಿದ ಕಾಳು ಹುಡುಕಿಕೊಳ್ಳುತ್ತದೆ. ಅವ್ವನಿಗೆ ಇದು ಬಹಳ ಹಿಡಿಸಿತು.

ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಗೂಸ್ ಪಾಸ್ಚರ್ ಎಂಬ ಹುಲ್ಲುಗಾವಲಿನ ಕಟ್ಟೆಗೆ ಬರುತ್ತೇನೆ. ದಕ್ಷಿಣದಿಂದ, ಪಶ್ಚಿಮದಿಂದ, ಕೊನೆಗೆ ಎಲ್ಲ ದಿಕ್ಕಿನಿಂದಲೂ ಸಾಲುಗಳು ಬರುತ್ತವೆ. ಮೊದಲು ಕೇಳುವುದು ಕೂಗು: ಗರ್‍ರ್‍ರೂ, ಗರ್‍ರ್‍ರೂ. ಅವುಗಳ ಶ್ವಾಸನಾಳ ಬಹಳ ಉದ್ದ, ಎದೆಮೂಳೆಯೊಳಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅದರಿಂದಲೇ ಆ ತುಂಬು ದನಿ. ಒಂದು ಮೈಲಿಗಿಂತ ದೂರಕ್ಕೂ ಕೇಳುತ್ತದೆ. ಇಳಿಯುವಾಗ ಕಾಲು ಜೋತುಬಿಟ್ಟು, ರೆಕ್ಕೆ ಬಾಗಿಸಿ, ಪ್ಯಾರಾಚೂಟ್‌ನಂತೆ ನಿಧಾನ ಇಳಿಯುತ್ತವೆ. ಆರಡಿ ಅಗಲದ ರೆಕ್ಕೆ ತಲೆ ಮೇಲೆ ಹಾದುಹೋದಾಗ ಗಾಳಿ ಸೀಳುವ ಸದ್ದೂ ಕೇಳುತ್ತದೆ.

1930ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಈ ಹಕ್ಕಿಯ ಸುಮಾರು 25 ಜೋಡಿ ಉಳಿದಿದ್ದವು. ಬೇಟೆ ನಿಂತು, ಜೌಗು ಉಳಿಸಿದ್ದರಿಂದ ಅವುಗಳ ಸಂಖ್ಯೆ ಮತ್ತೆ ಇಷ್ಟಾಯಿತು. ಕಟ್ಟೆಯ ಮೇಲೆ ನಿಂತಾಗ ಈ ಲೆಕ್ಕ ನನ್ನ ತಲೆಯಿಂದ ಹೋಗುವುದೇ ಇಲ್ಲ. ಬೂದು ಗುಂಪಿನಲ್ಲಿ ಎತ್ತರದ, ಅಚ್ಚ ಬಿಳಿ ಹಕ್ಕಿಯೊಂದು ಕಂಡರೆ ಅದು ವೂಪಿಂಗ್ ಕ್ರೇನ್ ಇರಬಹುದು. ಅದಂತೂ ಇನ್ನೂ ಅಪರೂಪ. 2001ರಿಂದ ಪುಟ್ಟ ವಿಮಾನಗಳ ಹಿಂದೆ ಹಾರಿಸಿ, ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಕ್ಕೆ ಅವುಗಳ ಮರಿಗಳಿಗೆ ದಾರಿ ಕಲಿಸಿದರು. ಆ ಬಿಳಿಯನ್ನು ಹುಡುಕಲು ಪ್ರತಿ ಗುಂಪನ್ನೂ ಒಮ್ಮೆ ಬೈನಾಕ್ಯುಲರ್‌ನಲ್ಲಿ ಸೋಸುತ್ತೇನೆ.

ಕಟ್ಟೆಯ ಮೇಲೆ ಗಾಳಿ ಬಹಳ. ಉಣ್ಣೆ ಕಾಲುಚೀಲ, ಎರಡು ಪದರ ಕೈಗವಸು, ಫ್ಲಾಸ್ಕ್‌ನಲ್ಲಿ ಕಾಫಿ ಬೇಕೇ ಬೇಕು. ಊಟಕ್ಕೆ ಹಾಟ್‌ಬಾಕ್ಸ್‌ನಲ್ಲಿ ಬಿಸಿಬೇಳೆಬಾತ್. ಇದೇ ಜಿಂಕೆ ಬೇಟೆಯ ಕಾಲವೂ ಹೌದು. ಕಾಡಿನ ದಾರಿಯಲ್ಲಿ ನಡೆಯುವುದಿದ್ದರೆ ಕಡು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ.

ಸಂಜೆಗೆ ಆಗದವರು ಬೆಳಿಗ್ಗೆಯೂ ಬರಬಹುದು. ಸೂರ್ಯ ಹುಟ್ಟುವ ಹೊತ್ತಿಗೆ ಜೌಗಿನಿಂದೆದ್ದು ಇದೇ ಹುಲ್ಲುಗಾವಲಿಗೆ ಬಂದು, ಆಮೇಲೆ ಹೊಲಗಳಿಗೆ ಚದುರುತ್ತವೆ. ಕಷ್ಟ ಅಂದರೆ ಮಕ್ಕಳನ್ನು ಅಷ್ಟು ಬೇಗ ಎಬ್ಬಿಸುವುದು. ಬೆಳಕು ಮಾತ್ರ ಬಹಳ ಚೆನ್ನಾಗಿರುತ್ತದೆ.

ಸಂಜೆ ವಾಪಸಾಗುವಾಗ ಮಾತ್ರ ಪೂರ್ತಿ ಗಮನ ರಸ್ತೆಯ ಮೇಲಿರಲಿ. ನವೆಂಬರ್‌ನಲ್ಲಿ ಬಿಳಿಬಾಲದ ಜಿಂಕೆಗಳಿಗೆ ಬೆದೆ. ಮುಸ್ಸಂಜೆಯಲ್ಲಿ ಗಂಡು ಜಿಂಕೆ ಹಿಂದುಮುಂದು ನೋಡದೆ ರಸ್ತೆಗೆ ಹಾರುತ್ತದೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಬೇಕು. ಎದುರಿಗೆ ಬಂದುಬಿಟ್ಟರೆ ಬ್ರೇಕ್ ಒತ್ತಿ, ಸ್ಟಿಯರಿಂಗ್ ತಿರುಗಿಸಬೇಡಿ. ಪಕ್ಕದಲ್ಲಿ ಹಳ್ಳವೋ ಕಂಬವೋ ಇರುತ್ತದೆ. ನಾನು ಮೊನಾನ್ ದಾಟುವವರೆಗೂ ನಿಧಾನವಾಗೇ ಬರುತ್ತೇನೆ. ಪಕ್ಕದ ಸೀಟಿನವರಿಗೆ ರಸ್ತೆಯ ಎರಡೂ ಅಂಚು ನೋಡುತ್ತಿರಲು ಹೇಳುತ್ತೇನೆ.