ಡೌರೊ ಕಣಿವೆಯ ಪೋರ್ಟ್ ವೈನ್: ಸ್ಪಿರಿಟ್ ಬೆರೆಸುವ ಹೊತ್ತು ತಪ್ಪಬಾರದು

ಪೋರ್ಟ್ ಎಂದರೆ ಹುದುಗುತ್ತಿರುವ ದ್ರಾಕ್ಷಿ ರಸಕ್ಕೆ ಸ್ಪಿರಿಟ್ ಬೆರೆಸಿ ಸಿಹಿ ಉಳಿಸಿದ ವೈನ್. ಪೋರ್ಚುಗಲ್‌ನ ಡೌರೊ ಕಣಿವೆಗೆ ಅಟ್ಲಾಂಟಿಕ್‌ನ ಮಳೆಗಾಳಿ ನುಗ್ಗದಂತೆ ಮರಾಂವ್ ಬೆಟ್ಟಸಾಲು ತಡೆಯುತ್ತದೆ. ಪೂರ್ವಕ್ಕೆ ಹೋದಷ್ಟೂ ಬಿಸಿಲು ಹೆಚ್ಚು, ಮಳೆ ಕಡಿಮೆ. ಇಲ್ಲಿನ ನೆಲದ ಶಿಸ್ಟ್ ಕಲ್ಲು ಪದರಪದರವಾಗಿ ಸೀಳಿರುವುದರಿಂದ ಬಳ್ಳಿಯ ಬೇರು ಕಲ್ಲಿನ ಬಿರುಕಿನೊಳಗೆ ಇಳಿದು ಆಳದ ತೇವ ಮುಟ್ಟುತ್ತದೆ. ಹಣ್ಣಿಗೆ ಗಾಢ ಬಣ್ಣ, ತುಂಬು ಸಿಹಿ ಬರುವುದು ಇದರಿಂದಲೇ.

ಕೊಯ್ದ ಟೊರಿಗಾ ನಸಿಯೊನಾಲ್, ಟೊರಿಗಾ ಫ್ರಾಂಕಾ ತಳಿಯ ದ್ರಾಕ್ಷಿ ಹಣ್ಣನ್ನು ಲಗಾರ್ ಎಂಬ ಅಗಲವಾದ ಕಲ್ಲಿನ ತೊಟ್ಟಿಗೆ ಸುರಿಯಿರಿ. ಸಾಲಾಗಿ ನಿಂತು, ಹೆಗಲಿಗೆ ಹೆಗಲು ತಾಗಿಸಿ, ಎರಡು ಗಂಟೆ ನಿಧಾನವಾಗಿ ತುಳಿಯಿರಿ. ಪಾದಕ್ಕೆ ಸಿಪ್ಪೆ ನಜ್ಜುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ. ಹುದುಗು ಏರಿದಾಗ ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ಅದನ್ನು ಆಗಾಗ ಒಳಕ್ಕೆ ಅದುಮದಿದ್ದರೆ ಒಣಗಿ ವಿನೆಗರ್ ವಾಸನೆ ಹಿಡಿಯುತ್ತದೆ.

ಇಲ್ಲಿಂದ ಮುಂದೆ ಹೈಡ್ರೋಮೀಟರ್ (ರಸದಲ್ಲಿ ತೇಲಿಸಿ ಸಕ್ಕರೆ ಅಳೆಯುವ ಸಾಧನ) ಬಿಟ್ಟು ಕದಲಬೇಡಿ. ಎರಡು ಮೂರು ದಿನದಲ್ಲಿ ಸುಮಾರು ಅರ್ಧ ಸಕ್ಕರೆ ಹುದುಗಿನಲ್ಲಿ ಖರ್ಚಾಗಿ, ಆಲ್ಕೋಹಾಲ್ 6–8% ಆಗುತ್ತಲೇ ರಸವನ್ನು ಬಸಿದು, 435 ಲೀಟರಿಗೆ 77% ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ 115 ಲೀಟರ್ ಬೆರೆಸಿ. ಒಟ್ಟು 550 ಲೀಟರ್, ಅಂದರೆ ಸಾಂಪ್ರದಾಯಿಕವಾಗಿ ಒಂದು ಪೀಪಾಯಿಯ ಲೆಕ್ಕ. ಆಲ್ಕೋಹಾಲ್ 20%ರ ಆಸುಪಾಸಿಗೇರಿ ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ.

ಬಿಸಿಯ ದಿನ ಹುದುಗು ಓಡುತ್ತದೆ. ಕೆಲವೇ ಗಂಟೆ ತಡವಾದರೂ ಸಿಹಿ ಹೋಯಿತು. ಆತುರಪಟ್ಟರೆ ಸಿಪ್ಪೆಯ ಬಣ್ಣ, ಒಗರು ಇಳಿದಿರುವುದಿಲ್ಲ. ಸ್ಪಿರಿಟ್ ಸುರಿದು ಸುಮ್ಮನಾಗದೆ ತಳದಿಂದ ಕಲಕಿ: ಬೆರೆಯದ ಕಡೆ ಹುದುಗು ನಿಲ್ಲುವುದಿಲ್ಲ.