ದೋಣಿಯ ತಳಕ್ಕೆ ಪಕ್ಕೆಲುಬು ಕೂರಿಸಿದ್ದು

ಬೇಸಿಗೆಯಲ್ಲಿ ಹೇಮಾವತಿಯ ಹಿನ್ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಬುಡದವರೆಗೆ ಕಾಣುತ್ತವೆ. ಮುಳುಗಿದ್ದ ಮರದ ಬೊಡ್ಡೆಗಳೂ ಕಲ್ಲುಗಳೂ ಆಗ ನೀರಿನ ಮಟ್ಟಕ್ಕಿಂತ ಗೇಣುದ್ದ ಕೆಳಗಷ್ಟೇ ಇರುತ್ತವೆ. ನನ್ನ ದೋಣಿ ಪೆಟ್ಟು ತಿಂದಿದ್ದೆಲ್ಲ ಆ ದಿನಗಳಲ್ಲೇ.

14 ಅಡಿ ಉದ್ದ, 4 ಅಡಿ ಅಗಲದ ಚಪ್ಪಟೆ ತಳದ ದೋಣಿ ಅದು. 3 ಮಿ.ಮೀ. ಕಬ್ಬಿಣದ ತಗಡಿಗೆ ಪಕ್ಕೆಲುಬಿನಂತೆ ಮೂರು ಅಡಿಗೊಂದು ಅಡ್ಡಪಟ್ಟಿ. ನಡುವೆ ಕಾಲಿಟ್ಟರೆ ತಗಡು ಡಬ್ಬೆಂದು ಬಾಗುತ್ತಿತ್ತು. ತಳಕ್ಕೆ ಇನ್ನೊಂದು ತಗಡು ಹೊದಿಸಿಬಿಡಿ ಎಂದು ಹಲವರು ಹೇಳಿದರು. ಲೆಕ್ಕ ಹಾಕಿದೆ: ಅಷ್ಟಕ್ಕೇ ಸುಮಾರು 120 ಕೆ.ಜಿ. ಭಾರ ಏರುತ್ತದೆ, ಎರಡು ತಗಡುಗಳ ನಡುವೆ ನೀರು ಸೇರಿದರೆ ಒಳಗೊಳಗೇ ತುಕ್ಕು. ತಗಡು ಬಾಗುತ್ತಿದ್ದುದು ಆಸರೆಗಳ ಅಂತರ ಹೆಚ್ಚಾಗಿದ್ದರಿಂದ. ಅಂತರವನ್ನೇ ಅರ್ಧಕ್ಕಿಳಿಸಲು ನಿರ್ಧರಿಸಿದೆ.

40×40×5 ಮಿ.ಮೀ. ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ತಂದು ಒಳಗೆ ನಾಲ್ಕು ಹೊಸ ಅಡ್ಡಪಟ್ಟಿ, ಹೊರಗೆ ಉದ್ದಕ್ಕೆ 12 ಅಡಿಯ ಎರಡು ಜಾರುಪಟ್ಟಿ. ಮೀಟರಿಗೆ 3 ಕೆ.ಜಿ. ತೂಗುವ ಆಂಗಲ್ ಆದ್ದರಿಂದ ಒಟ್ಟು 37 ಕೆ.ಜಿ. ದಾಟಲಿಲ್ಲ. ಕಲ್ಲಿನ ಪೆಟ್ಟು ಮೊದಲು ಜಾರುಪಟ್ಟಿಗೆ, ಅಲ್ಲಿಂದ ಒಳಗಿನ ಅಡ್ಡಪಟ್ಟಿಗಳಿಗೆ ಹಂಚಿಹೋಗುತ್ತದೆ.

ಮೊದಲ ಪಟ್ಟಿಯನ್ನು ಒಂದೇ ಉಸಿರಿಗೆ ಉದ್ದಕ್ಕೂ ವೆಲ್ಡ್ ಮಾಡಿ ಕೆಡಿಸಿದೆ. ಶಾಖಕ್ಕೆ ತಳವೇ ಸೊಟ್ಟಗಾಯಿತು. ಗ್ರೈಂಡರ್‌ನಲ್ಲಿ ಬಿಡಿಸಿ, ಸುತ್ತಿಗೆಯಿಂದ ತಟ್ಟಿ ಸರಿಪಡಿಸುವುದರಲ್ಲಿ ಒಂದು ದಿನ ಹೋಯಿತು. ಆಮೇಲೆ 2.5 ಮಿ.ಮೀ. ವೆಲ್ಡಿಂಗ್ ಕಡ್ಡಿಯಲ್ಲಿ ಒಂದು ಅಂಗುಲ ಬೆಸೆದು, ನಾಲ್ಕು ಅಂಗುಲ ಬಿಟ್ಟು, ಒಮ್ಮೆ ಈ ತುದಿ, ಒಮ್ಮೆ ಆ ತುದಿ ಎಂದು ಹಿಡಿದೆ. ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆಯೇ ಮುಂದಿನ ಟಾಕೆ. ಹೊರಗಿನ ಜಾರುಪಟ್ಟಿಗೆ ಮಾತ್ರ ಎಲ್ಲೂ ಸಂದು ಬಿಡುವಂತಿಲ್ಲ. ಕವುಚಿ ಹಾಕಿದ ಆಂಗಲ್‌ನ ಪೊಳ್ಳಿಗೆ ನೀರು ಹೊಕ್ಕರೆ ಕತೆ ಮುಗಿಯಿತು. ಅದನ್ನೂ ತುಂಡುತುಂಡಾಗಿಯೇ ಬೆಸೆಯುತ್ತ ಬಂದು ಕೊನೆಗೆ ಪೂರ್ತಿ ಮುಚ್ಚಿದೆ. ಬೊಡ್ಡೆಗೆ ಸಿಕ್ಕಿಕೊಳ್ಳದಂತೆ ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿದ್ದೆ.

ಒಂದು ಮಾತು ಮರೆಯಬೇಡಿ: ಪ್ರತಿ ಅಡ್ಡಪಟ್ಟಿಯ ಬುಡದಲ್ಲಿ ಬೆರಳು ತೂರುವಷ್ಟು ತೂತು ಇರಲಿ, ಅದನ್ನು ಕೂರಿಸುವ ಮೊದಲೇ ಕೊರೆಯಿರಿ. ಇಲ್ಲದಿದ್ದರೆ ಒಳಗಿನ ನೀರು ಪಟ್ಟಿ ಪಟ್ಟಿಗೂ ನಿಂತು, ಮೊಗೆದಷ್ಟೂ ಮುಗಿಯುವುದಿಲ್ಲ.

ಬಣ್ಣಕ್ಕೆ ಮುಂಚೆ, ಸೋರುವ ಜಾಗ ಪತ್ತೆಹಚ್ಚಲು, ಬೆಸುಗೆಯ ಹೊರಗೆ ಸುಣ್ಣ ಬಳಿದು ಒಳಗಿನಿಂದ ಸೀಮೆಎಣ್ಣೆ ಸವರಿದೆ. ಎರಡು ಕಡೆ ಸುಣ್ಣದ ಮೇಲೆ ಕಲೆ ಮೂಡಿತು. ಅಲ್ಲಿ ಎಣ್ಣೆಯನ್ನು ಪೂರ್ತಿ ಒರೆಸಿ, ತೊಳೆದು, ಒಣಗಿಸಿ ಮತ್ತೆ ಬೆಸೆದೆ. ನಂತರ ಎರಡು ಕೈ ರೆಡ್ ಆಕ್ಸೈಡ್, ಅದರ ಮೇಲೆ ಎಪಾಕ್ಸಿ ಬಣ್ಣ.

ಈ ಬೇಸಿಗೆಯಲ್ಲಿ ಒಂದು ಕಲ್ಲಿನ ಮೇಲೆ ದೋಣಿ ಕರ್ ಎಂದು ಜಾರಿತು. ದಡಕ್ಕೆ ಎಳೆದು ಕವುಚಿ ನೋಡಿದೆ. ಎಡಗಡೆಯ ಜಾರುಪಟ್ಟಿಯಲ್ಲಿ ಒಂದು ಮೊಳದಷ್ಟು ಬಣ್ಣ ಕಿತ್ತಿತ್ತು, ತಗಡು ಮುಟ್ಟಿರಲಿಲ್ಲ.