'ತಮು' ಪದದ ಜಾಡು ಹಿಡಿದದ್ದು ಹೀಗೆ

ಇವತ್ತಿನ ತುರ್ಕಿಯಲ್ಲಿ ನರಕಕ್ಕೆ 'ಜೆಹೆನ್ನೆಮ್' ಅನ್ನುತ್ತಾರೆ. ಅದು ಅರಬ್ಬಿಯಿಂದ ಬಂದದ್ದು. ಅದಕ್ಕೂ ಹಿಂದಿನ ಪದ 'ತಮು'. ಕೇಳಿದ ಕೂಡಲೇ ನಮ್ಮ 'ತಮಸ್ಸು' ನೆನಪಾಗುತ್ತದೆ, ಅಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತದಿಂದಲೇ ಒಯ್ದಿದ್ದಾರೆ, ಇದರಲ್ಲಿ ಹುಡುಕೋದೇನಿದೆ ಅಂತ ಗೆಳೆಯರೆಲ್ಲ ಅಂದರು. ಅಲ್ಲ, ಸಮರ್ಕಂದ್ ಕಡೆಯ ಹಳೇ ಇರಾನಿ ಭಾಷೆ ಸೊಗ್ದಿಯನ್‌ನಿಂದ ಬಂದದ್ದು ಅಂದರೆ ಒಬ್ಬರೂ ನಂಬಲಿಲ್ಲ. ಈಗ ಒಪ್ಪಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ತುರ್ಕಿಯೊಳಗೇ ಬೇರು ಹುಡುಕಿದೆ. ಹಳೆಯ ತುರ್ಕಿಯಲ್ಲಿ 'ತಮ್' ಅಂದರೆ ತೊಟ್ಟಿಕ್ಕು. ತಿಂಗಳುಗಟ್ಟಲೆ ಅದರ ಹಿಂದೆ ಬಿದ್ದರೂ ಹನಿಗೂ ನರಕಕ್ಕೂ ನಂಟು ಕೂಡಲಿಲ್ಲ. ಹಳೆಯ ತುರ್ಕಿ ಪದಗಳ ಮೂಲ ಹೇಳುವ ಕ್ಲಾಸನ್ ಅವರ 1972ರ ನಿಘಂಟಿನ ಹಳೇ ಪ್ರತಿ, ಜೆರಾಕ್ಸು, ಅಂಚೆ ಎಲ್ಲ ಸೇರಿ ಹತ್ತು ಹನ್ನೆರಡು ಸಾವಿರ ಕೈಬಿಟ್ಟಿತು.

ಆಮೇಲೆ ಒಂಟಿ ಪದ ಬಿಟ್ಟು ಜೋಡಿ ಹಿಡಿದೆ. ತುರ್ಕಿಯ ಹಳೇ ಸೂಫಿ ಕವಿ ಯೂನುಸ್ ಎಮ್ರೆ ಪದ್ಯಗಳಲ್ಲಿ ತಮುವಿನ ಜೋಡಿ 'ಉಚ್ಮಾಕ್', ಅಂದರೆ ಸ್ವರ್ಗ. ತುರ್ಕಿಯಲ್ಲಿ ಹಾರುವುದಕ್ಕೂ ಇದೇ ಪದ. ಹಾಗಾಗಿ ಆತ್ಮ ಹಾರಿಹೋಗುವ ಜಾಗ ಅಂತ ಸುಲಭವಾಗಿ ಕತೆ ಕಟ್ಟಬಹುದು. ಆದರೆ ಮಧ್ಯ ಏಷ್ಯಾದ ತುರ್ಕಿ ಜನಾಂಗ ಉಯ್ಗುರರ ಹಳೆಯ ಬರಹಗಳಲ್ಲಿ ಅದು 'ಉಷ್ತ್‌ಮಾಖ್'. ಅಪ್ಪಟ ಸೊಗ್ದಿಯನ್! ಸ್ವರ್ಗ ಅಲ್ಲಿಂದ ಬಂದಿದ್ದರೆ ನರಕ ಯಾಕಿರಬಾರದು? ಹುಡುಕಿದೆ, ಸಿಕ್ಕಿತು: ಸೊಗ್ದಿಯನ್ನರು ನರಕಕ್ಕೆ ಬರೆಯುತ್ತಿದ್ದದ್ದು ತ್-ಮ್-ವ್ (ಆ ಲಿಪಿಯಲ್ಲಿ 'ಅ'ದಂಥ ಸ್ವರ ಸಾಮಾನ್ಯವಾಗಿ ಬರೆಯುವುದಿಲ್ಲ, 'ವ್' ಅಕ್ಷರವೇ 'ಉ'ಗೂ ನಿಲ್ಲುತ್ತದೆ). ಮೂಲ ಅರ್ಥ ಕತ್ತಲೆ. ನಮ್ಮ ತಮಸ್ಸಿಗೆ ಅದು ಇರಾನಿ ಕಡೆಯ ಸೋದರ, ಮಗ ಅಲ್ಲ.

ದಾರಿಯೂ ಸರಿಹೋಗುತ್ತದೆ. ಸಮರ್ಕಂದ್ ಕಡೆಯ ಈ ಸೊಗ್ದಿಯನ್ ವ್ಯಾಪಾರಿಗಳೇ ಉಯ್ಗುರರಿಗೆ ಮಾನಿಯ ಧರ್ಮ (ಬೆಳಕು-ಕತ್ತಲೆಗಳ ಹೋರಾಟ ಹೇಳುವ ಹಳೇ ಇರಾನಿ ಮತ) ಮುಟ್ಟಿಸಿದರು. ಸುಮಾರು 762-63ರಲ್ಲಿ ಉಯ್ಗುರರ ದೊರೆ ಬೋಗು ಅದನ್ನು ಒಪ್ಪಿಕೊಂಡ. ಚೀನಾದ ದುನ್‌ಹುವಾಂಗ್‌ನಲ್ಲಿ ಸಿಕ್ಕ ಈ ಮತದವರ ತುರ್ಕಿ ತಪ್ಪೊಪ್ಪಿಗೆ ಪಾಠವನ್ನು ಜರ್ಮನ್ ವಿದ್ವಾಂಸ ಲೆ ಕೋಕ್ 1911ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ 'ತಮು ಕಪಿಗಿ', ಅಂದರೆ ನರಕದ ಬಾಗಿಲು, ಅಂತಲೇ ಇದೆ. ಬಾಗಿಲಿಗೆ ತುರ್ಕಿಯಲ್ಲಿ ಈಗಲೂ 'ಕಪಿ'.

ವಾದ ಮುಗಿಸಿದ್ದು ಬೌದ್ಧ ಗ್ರಂಥಗಳೇ. ಬೌದ್ಧರ ಅತಿ ಘೋರ ನರಕ ಅವೀಚಿಗೆ ಉಯ್ಗುರರು 'ಅವಿಶ್ ತಮು' ಅಂದರು. ಆ ನರಕದ ಹೆಸರು ಭಾರತದ್ದು, ಪಕ್ಕದಲ್ಲಿ ನಿಂತ ಸಾಮಾನ್ಯ ಪದ ಅಲ್ಲಿ ಮೊದಲೇ ಬೇರೂರಿದ್ದ ತಮು. ಭಿಕ್ಷುಗಳೇ ಕೊಟ್ಟಿದ್ದರೆ ಅಲ್ಲಿ 'ನರಕ' ಇರಬೇಕಿತ್ತು.

ಸುಮ್ನೆ ಮಂಗೋಲಿಯನ್ ನೋಡಿದೆ, ಅಲ್ಲೂ 'ತಮ್' ಅಂದರೆ ನರಕವೇ, ಉಯ್ಗುರರಿಂದ ಹೋದದ್ದು. ನಮ್ಮಲ್ಲೂ ಮಾಧ್ವರು ತಮೋಯೋಗ್ಯರಿಗೆ, ಅಂದರೆ ಮುಕ್ತಿಗೆ ಸಲ್ಲದ ಜೀವಗಳಿಗೆ, ಅಂಧಂತಮಸ್ಸನ್ನೇ (ಕಡುಗತ್ತಲಿನ ನರಕ) ಹೇಳುತ್ತಾರೆ. ಕತ್ತಲೆ ಎರಡೂ ಕಡೆ ಬೇರೆ ಬೇರೆಯಾಗಿಯೇ ನರಕವಾಯಿತು ಅನ್ನೋದು ನನ್ನ ಅಭಿಪ್ರಾಯ.

ಸೊಗ್ದಿಯನ್ ಕಾಗುಣಿತಗಳನ್ನು ಯಾವ ಕ್ರಮದಲ್ಲಿ ಹುಡುಕಿದೆ ಅನ್ನೋದನ್ನು ಈಗಲೇ ಬಿಟ್ಟುಕೊಡುವುದಿಲ್ಲ. ಇನ್ನೂ ಕೆಲವು ಪದ ಕೈಯಲ್ಲಿವೆ.